ಅಕ್ಕನ ಮರಿ

ನೀಲಿ ಗಂಡು ಹಳದಿ ಹೆಣ್ಣಿನ ಬಾಯಿಗೆ ಕಾಳು ಕಕ್ಕಿ ತಿನ್ನಿಸುತ್ತಿರುವುದನ್ನು ಕಂಡು ಕೆಂಪರಾಜುವಿನ ಪಿತ್ತ ನೆತ್ತಿಗೇರಿತು. ಮಹಡಿಯ ಮೇಲೆ ಬಡ್ಜಿ ಹಕ್ಕಿ ಸಾಕುತ್ತಿದ್ದ ಅವನು ಹೊಸ ರಕ್ತಕ್ಕೆಂದು ಊರೂರು ಅಲೆದು ಜೋಡಿ ಹುಡುಕುತ್ತಿದ್ದ. ಈ ಎರಡನ್ನು ಬೇಕೆಂದೇ ಬೇರೆ ಬೇರೆ ಗೂಡಿನಲ್ಲಿಟ್ಟಿದ್ದ.

"ಯಾರು ಇವನ್ನ ಒಟ್ಟಿಗೆ ಬಿಟ್ಟಿದ್ದು?"

"ನಾನೇ," ಎಂದಳು ಹೆಂಡತಿ ಇಂದ್ರಾಣಿ. ತುಂಬು ಬಸುರಿ, ಗೋಡೆಗೆ ಒರಗಿ ಕೂತಿದ್ದಳು. ಮೊದಲೆರಡು ಕೂಸುಗಳನ್ನು ಮಣ್ಣು ಮಾಡಿದ ಮೇಲೆ ಅವಳು ಹೆಚ್ಚು ಹೊತ್ತು ಇಲ್ಲೇ ಕೂರುತ್ತಿದ್ದಳು. "ಲವ್ ಬರ್ಡ್ಸ್ ಅಂತ ಹೆಸರು, ಲವ್ ಮಾಡಕ್ಕೇ ಬಿಡಲ್ಲ ನೀನು."

"ತಮಾಷೆ ಸಾಕು. ಆ ಹೆಣ್ಣು ಇವನ ಅಕ್ಕನ ಮರಿ ಕಣೇ. ಒಂದೇ ರಕ್ತ."

"ಆದ್ರೇನಂತೆ? ಮೊಟ್ಟೆ ಇಡಲ್ವಾ?"

"ಇಡ್ತದೆ. ಮರಿನೂ ಆಗ್ತದೆ. ಆದ್ರೆ ಕತ್ತು ನಿಲ್ಲಲ್ಲ, ಗುಟುಕು ನುಂಗಕ್ಕಾಗಲ್ಲ. ಕಣ್ಣು ಬಿಡೋದ್ರೊಳಗೆ ತಣ್ಣಗಾಗಿರ್ತದೆ."

ಅವನು ಹೆಣ್ಣನ್ನು ಹಿಡಿದು ಪಕ್ಕದ ಗೂಡಿಗೆ ಹಾಕಿದ. ಗಂಡು ತಂತಿಗೆ ಜೋತುಬಿದ್ದು ಕಿರುಚತೊಡಗಿತು.

"ಮೂರನೇ ಸಲಕ್ಕಾದ್ರೂ ಒಂದು ಬದುಕಲ್ವಾ?"

"ಎಷ್ಟನೇ ಸಲಕ್ಕೂ ಅಷ್ಟೇ," ಎಂದು ಅವನು ಅವಳತ್ತ ನೋಡದೆಯೇ ಚಿಲಕ ಸಿಕ್ಕಿಸಿದ.

ತಿರುಗಿದಾಗ ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ತನ್ನ ಒಡಹುಟ್ಟಿದ ತಮ್ಮಂಗೇ ನನ್ನ ಧಾರೆ ಎರೀವಾಗ ನಮ್ಮವ್ವಂಗೆ ಇದ್ನ ಹೇಳೋರು ಯಾರೂ ಇರ್ಲಿಲ್ವಾ, ಮಾವ?"