ಬಿಳಿ ಕಾಲುಚೀಲ

ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಎಳೆದುಕೊಂಡು ಸೊಸೆ ನಡುಮನೆಯ ಕಾರ್ಪೆಟ್ ಮೇಲೆ ಧಪಧಪ ಹೆಜ್ಜೆ ಹಾಕಿದಳು. ಮನೆಮಂದಿಯನ್ನೆಲ್ಲ ಕಚ್ಚುತ್ತಿರುವ ಚಿಗಟ ಇಲ್ಲೇ ಇದ್ದರೆ ಕಾಲಿಗೆ ಹಾರಲೇಬೇಕು, ಬಿಳಿಯ ಮೇಲೆ ಕಪ್ಪಗೆ ಕಾಣಲೇಬೇಕು. ಒಂದೂ ಹಾರಲಿಲ್ಲ. ಹಾರುವುದಾದರೂ ಹೇಗೆ? ಸೊಂಟ ಮುರಿಯುವಂತೆ ಕಾರ್ಪೆಟ್ ಒಗೆದು ಬಿಸಿಲಿಗೆ ಹಾಕಿದವಳು ಅವಳೇ.

"ಎಲ್ಲಾ ಆ ದರಿದ್ರ ಬೆಕ್ಕಿನಿಂದ್ಲೇ ಬಂದಿದ್ದು" ಎಂದರು ಅತ್ತೆ, ಕಾಲು ಕೆರೆದುಕೊಳ್ಳುತ್ತಾ. ಇದೇ ಮಾತಿಗೆ, ಅವಳು ಮಗುವಿನಂತೆ ಸಾಕಿದ್ದ ಬೆಕ್ಕನ್ನು ನಿನ್ನೆ ಮನೆಯಿಂದ ಆಚೆ ಹಾಕಿದ್ದರು. ಕಚ್ಚುವುದು ನಿಂತಿತೇ? ಸೊಸೆಗೆ ಮೈಯೆಲ್ಲ ಉರಿದುಹೋಯಿತು.

ಉಳಿದದ್ದು ಅತ್ತೆ ಕೂತಿದ್ದ ಸೋಫಾ ಒಂದೇ. ಹೋದ ತಿಂಗಳು ತಮ್ಮನ ಮನೆಯಿಂದ ಬಂದದ್ದೆಂದು ಅತ್ತೆ ಅದಕ್ಕೆ ಪೊರಕೆ ಸೋಕಿಸಲೂ ಬಿಟ್ಟಿರಲಿಲ್ಲ. "ಸ್ವಲ್ಪ ಏಳಿ ಅತ್ತೆ" ಎಂದವಳೇ ದಿಂಬು ಎತ್ತಿ, ಅದರಡಿಯ ಸಂದಿಗೆ ಕಾಲಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲುಚೀಲದ ಮೇಲೆಲ್ಲ ಎಳ್ಳು ಚೆಲ್ಲಿದಂತಾಯಿತು. ಆ ಎಳ್ಳು ನೆಗೆಯುತ್ತಲೂ ಇತ್ತು.

ಅತ್ತೆ ಗೋಡೆಯವರೆಗೂ ಹಿಂದೆ ಸರಿದರು. "ಅಯ್ಯಯ್ಯೋ! ಆ ಬೆಕ್ಕು ಇಲ್ಲೂ ಬಂದು ಮಲಗ್ತಿತ್ತಾ?"

"ಈ ಸೋಫಾ ಬಂದಾಗಿಂದ ಅದರ ಮೇಲೆ ಕೂರೋಕೆ ನನ್ನನ್ನೇ ಬಿಟ್ಟಿಲ್ಲ ನೀವು" ಎಂದಳು ಸೊಸೆ. "ಬೆಕ್ಕನ್ನ ಬಿಟ್ಟಿದ್ರಾ?"