ಪರದೆಯ ಸೀಳು

ಆ ಸಂಗೀತ ನಾಟಕದ ಹಾಡುಗಳನ್ನೆಲ್ಲ ಪರದೆಯ ಹಿಂದೆ ನಿಂತು ಹಾಡಿದವಳ ಹೆಸರನ್ನು ಕಂಪನಿ ಯಾರಿಗೂ ಹೇಳಲಿಲ್ಲ. ಚಪ್ಪಾಳೆಯೆಲ್ಲ ತುಟಿ ಆಡಿಸಿದ ನಾಯಕಿಗೆ.

“ಅಮ್ಮಾ, ಹಳೇ ರೆಕಾರ್ಡ್ ಹಾಕ್ತೀವಿ. ಅವತ್ತಿನ ಹಾಗೇ ತುಟಿ ಆಡಿಸಿ, ಸಾಕು,” ಎಂದು ಮ್ಯಾನೇಜರ್ ಮುದುಕಿಯಾದ ನಾಯಕಿಯನ್ನು ಮತ್ತೆ ರಂಗಕ್ಕೆ ಹತ್ತಿಸಿದ.

ಅವಳ ಎಡಗೈ ತಾನಾಗಿ ಬೆನ್ನ ಹಿಂದಿನ ಪರದೆಯ ಸೀಳಿಗೆ ಹೋಯಿತು. ಆ ದಿನಗಳಲ್ಲಿ, ಹಿಂದೆ ನಿಂತು ಹಾಡುವ ಗೆಳತಿ ಅಲ್ಲಿಂದ ಕಿರುಬೆರಳು ಹಿಂಡಿದಾಗ ಇವಳು ಬಾಯಿ ತೆರೆಯಬೇಕಿತ್ತು. “ಬಾಯಿ ನಿಂದು, ಗಂಟಲು ನಂದು ಕಣೇ. ಇಬ್ರೂ ಸೇರಿದ್ರೆ ಒಬ್ಬಳು ನಾಯಕಿ!” ಎಂದು ಕಿಸಕ್ಕನೆ ನಗುತ್ತಿದ್ದಳು. ಇಂದು ಬೆರಳಿಗೆ ಬರೀ ಗಾಳಿ ತಾಗಿತು. ಅವಳು ಬದುಕಿದ್ದಾಗ ತಾನಾದರೂ ಹೆಸರು ಹೇಳಬಹುದಿತ್ತು.

ಗೆಳತಿಯ ದನಿ ಸಭಾಂಗಣ ತುಂಬಿತು. “ತುಟಿ, ಅಮ್ಮಾ, ತುಟಿ!” ಮ್ಯಾನೇಜರ್ ಪಕ್ಕದಿಂದ ಪಿಸುಗುಟ್ಟಿದ. ನಾಯಕಿ ಎಲ್ಲರಿಗೂ ಕಾಣುವಂತೆ ಬಾಯಿ ಬಿಗಿಹಿಡಿದು, ಹಾಡು ಕೇಳುತ್ತಾ ನಿಂತಳು.