ಶುಕ್ರವಾರ ಸಾಯುವವರ ಪಟ್ಟಿ

ಚೀಟಿ ಓದಿದ ಮೇಲೆ ಕನ್ನಡಕದಂಗಡಿಯವನ ಕಾಲು ಮೊದಲ ಮೆಟ್ಟಿಲಿಗೂ ಏಳಲಿಲ್ಲ. ಕೆಳಗಿನ ಫಲಕಕ್ಕೆ ವಾಚ್‌ಮನ್ ಈಗಷ್ಟೇ ಅಂಟಿಸಿ ಹೋಗಿದ್ದ: "ಈ ವಾರ: ಕನ್ನಡಕದಂಗಡಿಯವರು."

ನಾಲ್ಕು ವಾರದ ಹಿಂದೆ ಅದೇ ಜಾಗದಲ್ಲಿ "ಟೈಲರ್" ಎಂದಿತ್ತು. ಆ ಶುಕ್ರವಾರ ಸಂಜೆ ಏಳರ ಧಾರಾವಾಹಿಯಲ್ಲಿ ಒಬ್ಬ ಟೈಲರ್ ತನ್ನದೇ ಅಳತೆ ಟೇಪಿಗೆ ಕತ್ತು ಕೊಟ್ಟು ಸತ್ತ. ಮರುವಾರ ಚೀಟಿಯಲ್ಲಿ ಬ್ಯಾಂಕಿನವರು. ಪಾಪ, ಅವರಿಗೇನೂ ಆಗಲಿಲ್ಲ. ಆಮೇಲೆ ಪಿಟೀಲು ಮೇಷ್ಟ್ರು, ಆಮೇಲೆ ದಂತವೈದ್ಯ. ಇಬ್ಬರೂ ಶುಕ್ರವಾರ ಟಿವಿಯಲ್ಲಿ ಹೆಣ. ದಂತವೈದ್ಯನಂತೂ ರೋಗಿಯ ಕುರ್ಚಿಯಲ್ಲೇ ಬಾಯಿ ತೆರೆದುಕೊಂಡು ಬಿದ್ದಿದ್ದ.

ಕಟ್ಟಡದ ಅಸಲಿ ದಂತವೈದ್ಯ ಗುಂಡುಕಲ್ಲಿನ ಹಾಗೆ ಇದ್ದ, ನಿಜ. ಆದರೆ ಬೀದಿಯಲ್ಲಿ ಕಂಡವರೆಲ್ಲ "ಅಯ್ಯೋ, ಇನ್ನೂ ಇದೀರಾ?" ಎಂದು ಹಲ್ಲು ಕಿರಿಯುತ್ತಿದ್ದರು, ಹಲ್ಲು ತೋರಿಸಲು ಮಾತ್ರ ಯಾರೂ ಹೋಗುತ್ತಿರಲಿಲ್ಲ. ಟೈಲರ್ ಅಂಗಡಿಗೆ ಬಟ್ಟೆ ಬಂದು ತಿಂಗಳಾಗುತ್ತಾ ಬಂದಿತ್ತು.

ಕನ್ನಡಕದಂಗಡಿಯವನಿಗೆ ಅಂಗಡಿಯ ಚಿಂತೆ ಒಂದು ಕಡೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಮೂವತ್ತು ವರ್ಷದಿಂದ ಥ್ರಿಲ್ಲರ್, ಹಾರರ್ ಅಂತ ಅರೆದು ಕುಡಿದ ಮನುಷ್ಯ ಅವನು. ಕಟ್ಟಡದಲ್ಲಿ ಅವನ ಅಡ್ಡಹೆಸರೇ 'ಕ್ಲೈಮ್ಯಾಕ್ಸ್'. ಸಾಯುವುದಿದ್ದರೆ ಸಾಯೋಣ, ಆದರೆ ಇಂಥ ಕಳಪೆ ಧಾರಾವಾಹಿಯಲ್ಲಾ?

"ಅದು ಮೆಟ್ಟಿಲು ತೊಳೆಯೋ ಸರದಿ ಕಣ್ರೀ," ಅಂದಳು ಹೆಂಡತಿ, ಅವನು ಹೇಗೋ ಮನೆ ಸೇರಿದ ಮೇಲೆ. "ಒಂದು ಬಕೆಟ್, ಒಂದು ಪೊರಕೆ, ನಾಲ್ಕು ಮಹಡಿ. ಅದಕ್ಕೆ ಹಿಂಗೆ ಬೆವರ್ತೀರಾ?"

"ಅದೇ ಕಣೇ ಮಸಲತ್ತು! ಬುದ್ಧಿವಂತ ಕೊಲೆಗಾರ ಯಾವತ್ತೂ ಇಂಥ ಪೊರಕೆ-ಬಕೆಟ್ ಹಿಂದೇನೇ ಅಡಗಿರ್ತಾನೆ. ಈ ಧಾರಾವಾಹಿ ಬರೆಯೋನು ಇದೇ ಕಟ್ಟಡದಲ್ಲಿದಾನೆ. ಚೀಟಿ ನೋಡ್ತಾನೆ, ಆ ವಾರದ ಹೆಣ ಆರಿಸ್ತಾನೆ."

ಸೋಫಾದ ಮೂಲೆಯಲ್ಲಿ ಅತ್ತೆ ಕಾಲು ನೀಡಿ ಕುಳಿತಿದ್ದರು. ಮಂಡಿನೋವಿಗೆಂದು ಸೋಮವಾರ, ಬುಧವಾರ ಫಿಸಿಯೋಥೆರಪಿಗೆ ಹೋಗಿಬರುವ ಹೆಂಗಸು. ಆ ಸೋಮವಾರವೂ ಈಗಷ್ಟೇ ಬಂದು, ಬೆರಳುಗಳಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು.

"ಅತ್ತೇ, ನೀವೇ ಹೇಳಿ, ಅದನ್ನ ಬರೆಯೋನಿಗೆ ತಲೆ ಅನ್ನೋದು ಇದೆಯಾ? ಒಳ್ಳೆ ಥ್ರಿಲ್ಲರಲ್ಲಿ ಕೊಲೆಗಾರ ಮೊದಲಿಂದ ಕಣ್ಣೆದುರಿಗೇ ಇರಬೇಕು, ಆದರೂ ಕಾಣಿಸಬಾರದು. ಹಾರರ್ ಅಂದ್ರೆ ಬಾಗಿಲು ಕಿರ್ ಅಂದ್ರೆ ಸಾಕು, ದೆವ್ವ ತೋರಿಸಿದ್ರೆ ಕೆಟ್ಟಿತು. ಈ ಮುಠ್ಠಾಳ ಎರಡು ಗಂಟೆ ಕಥೆಗೆ ಕೊಡಗಟ್ಟಲೆ ನೀರು ಹಾಕಿ ಇನ್ನೂರು ಕಂತು ಮಾಡಿದಾನೆ!"

"ಪಾಪ, ಹೊಟ್ಟೆಪಾಡು," ಅಂದರು ಅತ್ತೆ. "ನಂಗಂತೂ ಅದು ಶುರುವಾದ್ರೆ ನಿದ್ದೆ ಬಂದ್ಬಿಡುತ್ತೆ. ಮೆಟ್ಟಿಲು ಯಾವಾಗ ತೊಳೀತೀರಿ?"

"ಜೀವನ್ಮರಣದ ಪ್ರಶ್ನೆ ಅಂತಿದೀನಿ, ನೀವು ಮೆಟ್ಟಿಲು ಅಂತೀರಿ!"

ಎರಡನೇ ಮಹಡಿಯಲ್ಲಿ ಒಬ್ಬ ನಿವೃತ್ತ ಗುಮಾಸ್ತ ಇದ್ದ. ಒಂಟಿ ಜೀವ. ದಿನವಿಡೀ ಅವನ ಮನೆಯಿಂದ ಟೈಪ್‌ರೈಟರ್ ಸದ್ದು. ಮಂಗಳವಾರ ಬೆಳಿಗ್ಗೆ ನಮ್ಮ ಪತ್ತೇದಾರ ಅಂಗಡಿಗೆ ಬೀಗ ಹಾಕಿ ಅವನ ಬಾಗಿಲು ತಟ್ಟಿದ. ಗುಮಾಸ್ತ ನೀರು ತರಲು ಒಳಗೆ ಹೋದ ಕ್ಷಣದಲ್ಲಿ ಯಂತ್ರದಲ್ಲಿದ್ದ ಹಾಳೆಗೆ ಕಣ್ಣು ಹಾಯಿಸಿದ. "ಮೆಟ್ಟಿಲು ತೊಳೆಯದ ಟೈಲರ್, ಪಿಟೀಲು ಮೇಷ್ಟ್ರು ಹಾಗೂ ದಂತವೈದ್ಯರಿಗೆ ತಕ್ಕ ಶಿಕ್ಷೆಯಾಗಲೇಬೇಕು."

ಆ ಸಾಲನ್ನು ಇನ್ನೊಮ್ಮೆ ಓದಿದ. ಸತ್ತವರೆಲ್ಲ ಸರದಿ ತಪ್ಪಿಸಿದವರು! ತೊಳೆದದ್ದು ಬ್ಯಾಂಕಿನವರೊಬ್ಬರೇ!

"ನಮ್ಮ ಕಟ್ಟಡದ ಸಂಘಕ್ಕೆ ದೂರು ಬರೀತಿದೀನಿ," ಅಂದ ಗುಮಾಸ್ತ, ಲೋಟ ಚಾಚುತ್ತಾ. "ನಲವತ್ತಮೂರನೇದು. ಯಾರೂ ಓದಲ್ಲ."

"ಎಲ್ಲರೂ ನೋಡ್ತಾರಲ್ಲ ಸ್ವಾಮಿ, ಶುಕ್ರವಾರ ಏಳು ಗಂಟೆಗೆ."

"ಟಿವೀಲಾ? ನಮ್ಮನೇಲಿ ಟಿವೀನೇ ಇಲ್ಲ."

ಸಂಶಯವೇ ಉಳಿಯಲಿಲ್ಲ. ಟಿವಿ ಇಲ್ಲದವನು ಮಾತ್ರ ಅಂಥದ್ದನ್ನು ಬರೆಯಬಲ್ಲ. ಕನ್ನಡಕದಂಗಡಿಯವನು ಆ ನೀರನ್ನು ಕುಡಿಯದೆ ಕೆಳಗಿಟ್ಟ. ವಿಷದ ವಿಷಯದಲ್ಲಿ ಅವನಿಗೆ ನೂರಾರು ಸಿನಿಮಾಗಳ ಅನುಭವವಿತ್ತು.

ರಾತ್ರಿಯಿಡೀ ಹೊರಳಾಡಿದ. ಬುಧವಾರ ಮಧ್ಯಾಹ್ನ, ಮೂವತ್ತು ವರ್ಷದ ಮರ್ಯಾದೆ ಬದಿಗಿಟ್ಟು, ಪ್ಯಾಂಟು ಮಂಡಿಯವರೆಗೆ ಮಡಚಿ ಬಕೆಟ್ ಎತ್ತಿಕೊಂಡ. ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲು.

ಗುಮಾಸ್ತನ ಬಾಗಿಲ ಮುಂದೆ ಮೂರು ಸಲ ಉಜ್ಜಿದ. ಕೆಮ್ಮಿ, ಬಕೆಟ್ ಸದ್ದು ಮಾಡಿ, "ಎಷ್ಟು ಕೊಳೆಯಪ್ಪಾ! ನಾನಾಗಿದ್ದಕ್ಕೆ ಆಯ್ತು!" ಎಂದು ಕೂಗಿ ಹೇಳಿದ. ಗುಮಾಸ್ತ ಹೊರಗೆ ಬಂದು ನೋಡಿದ, ಅವನ ಕಣ್ಣಲ್ಲಿ ನೀರೇ ಬಂತು. ಅಲ್ಲಿಗೆ ಜೀವ ಬಂದಂತಾಗಿ, ಉಳಿದ ಮಹಡಿಗಳಿಗೆ ನೀರು ತೋರಿಸಿ ಮುಗಿಸಿದ.

ಅಷ್ಟರಲ್ಲಿ ಅತ್ತೆ ಫಿಸಿಯೋಥೆರಪಿ ಮುಗಿಸಿ ಬಂದರು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು, ನಾಲ್ಕು ಮಹಡಿ ಹತ್ತಿದರು.

"ತೊಳೆದ್ರಾ ಅಳಿಯಂದಿರೇ? ಸಂತೋಷ."

"ಬದುಕಿಕೊಂಡೆ ಅತ್ತೆ!" ಅಂದವನು ಸೋಫಾದ ಮೇಲೆ ಉರುಳಿಕೊಂಡ. ಎರಡು ದಿನದ ನಿದ್ದೆ ಬಾಕಿಯಿತ್ತು, ಕ್ಷಣದಲ್ಲಿ ಗೊರಕೆ ಶುರುವಾಯಿತು.

ಅತ್ತೆ ತಮ್ಮ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಫೋನ್ ಹಚ್ಚಿದರು.

"ಡೈರೆಕ್ಟರೇ, ನಾಳೆ ಶೂಟಿಂಗಿಗೆ ಈಗ ಬರೆದುಕೊಟ್ಟು ಬಂದೆನಲ್ಲ, ಅದ್ರಲ್ಲಿ ಕನ್ನಡಕದವನನ್ನ ಸಾಯಿಸೋದು ಬೇಡ. ಕಾಲು ಮುರೀರಿ ಸಾಕು, ಮೂರನೇ ಮಹಡಿ ಮೂಲೆ ಹಾಗೇ ಬಿಟ್ಟಿದಾರೆ."